ಮಾಡುವವರು, ಮಾಡಿಸುವವರು

ಕೂಲಿಗೆ ಮಾಡಿದ ಕೆಲಸವು ಮಾಡಿದವನದೋ, ಮಾಡಿಸಿದವನದೋ ಎಂಬ ಪ್ರಶ್ನೆ ಇಂದಿನದಲ್ಲ. ನಮ್ಮ ದೇಶದಲ್ಲಿ ಅದು ಯಜ್ಞಶಾಲೆಯಲ್ಲಿಯೇ ಎದ್ದಿತು. ದಕ್ಷಿಣೆಯನ್ನು ಕೊಡಲೊಪ್ಪಿ ಋತ್ವಿಜರನ್ನು ವರಿಸಿದ ಯಜಮಾನನೊಬ್ಬನು. ಮಂತ್ರವನ್ನು ಹೇಳುವವರು, ಸಾಮವನ್ನು ಹಾಡುವವರು, ಆಹುತಿಯನ್ನು ಹಾಕುವವರು ಬೇರೆ ಹಲವರು. ಹಾಗಾದರೆ ಫಲವು ಯಾರಿಗೆ? ಮೀಮಾಂಸಕರು ಇದನ್ನು ದೀರ್ಘವಾಗಿ ವಿಚಾರಿಸಿ, ಋತ್ವಿಜರು ದ್ರವ್ಯದಿಂದ ಕೊಳ್ಳಲ್ಪಟ್ಟವರಾದುದರಿಂದ ಅವರಿಗೆ ದಕ್ಷಿಣೆಯೇ ಸಲ್ಲತಕ್ಕದ್ದು, ಕರ್ಮದ ಫಲವು ಯಜಮಾನನಿಗೆ ಸಲ್ಲತಕ್ಕದ್ದು ಎಂದು ತೀರ್ಮಾನಿಸಿದರು. ವೈಯಾಕರಣರು ಇದೇ ಗಂಟನ್ನು ಬೇರೊಂದು ತುದಿಯಿಂದ ಬಿಚ್ಚಿದರು. ಪಾಣಿನಿಯು ಸ್ವತಂತ್ರನಾದವನನ್ನು ಕರ್ತೃವೆಂದು ಕರೆದು, ಮರುಸೂತ್ರದಲ್ಲಿಯೇ ಆ ಕರ್ತೃವನ್ನು ಪ್ರೇರಿಸುವವನಿಗೆ ಹೇತುವೆಂಬ ಹೆಸರನ್ನೂ ಕರ್ತೃವೆಂಬ ಹೆಸರನ್ನೂ ಕೊಟ್ಟನು. ದೇವದತ್ತನು ಯಜ್ಞದತ್ತನಿಂದ ಅಡಿಗೆ ಮಾಡಿಸಿದನೆಂದರೆ, ಅಲ್ಲಿ ಮಾಡಿಸಿದವನೂ ಕರ್ತೃ, ಮಾಡಿದವನೂ ಕರ್ತೃ. ಇನ್ನೊಬ್ಬನು ಹೇಳಿದ್ದನ್ನು ಮಾಡುವವನು ಸ್ವತಂತ್ರನಾಗುವುದು ಹೇಗೆಂಬ ಶಂಕೆಗೆ ವ್ಯಾಖ್ಯಾನಕಾರರು ಕೊಡುವ ಸಮಾಧಾನವು ಸೊಗಸಾಗಿದೆ: ಹೇಳಿಸಿಕೊಂಡವನಾದರೂ ಅವನು ತನಗೆ ಇಷ್ಟವಿದ್ದರೆ ಮಾಡುವನು, ಇಲ್ಲದಿದ್ದರೆ ಮಾಡದೆಯೂ ಇರಬಲ್ಲನು.

ಈ ಹಳೆಯ ಚರ್ಚೆಯು ಇಂದು ಯಾರಿಗೆ ಬೇಕೆಂದು ಕೇಳುವವರು, ಕಿರುಚಿತ್ರಗಳನ್ನು ತೆಗೆಯುವ ತರುಣರ ಮಾತನ್ನು ಒಮ್ಮೆ ಕೇಳಬೇಕು. ಯಾವ ದೊಡ್ಡ ಚಿತ್ರಸಂಸ್ಥೆಗೂ ಸೇರದೆ, ಇಬ್ಬರು ಜೊತೆಗೂಡಿ, ಒಂದು ಕ್ಯಾಮರಾವನ್ನೂ ಒಂದು ಕೊಠಡಿಯನ್ನೂ ಇಟ್ಟುಕೊಂಡು, ವರ್ತಕರಿಗೆ ಜಾಹೀರಾತಿನ ವಿಡಿಯೋಗಳನ್ನು ಮಾಡಿಕೊಟ್ಟು, ಬಂದ ಹಣದಲ್ಲಿ ತಮ್ಮ ಮನಸ್ಸಿಗೆ ಬಂದ ಕಥೆಯನ್ನು ಹತ್ತು ಹದಿನೈದು ನಿಮಿಷದ ಚಿತ್ರವಾಗಿ ತೆಗೆಯುವುದು ಈಗ ಹಲವು ದೇಶಗಳಲ್ಲಿ ನಡೆದಿರುವ ಕಸುಬು. ಇವರಲ್ಲಿ ಬಹುಮಂದಿ ತಮ್ಮ ಬಾಳನ್ನು ಎರಡು ಕೋಣೆಗಳಾಗಿ ಅಡ್ಡಗೋಡೆ ಹಾಕಿ ಹಂಚಿಕೊಂಡಿರುವರು. ಸಾಬೂನಿನ ಚಿತ್ರ ಹೊಟ್ಟೆಯ ಪಾಡಿಗೆ, ಸ್ವಂತ ಚಿತ್ರ ಆತ್ಮಕ್ಕೆ. ಮೊದಲನೆಯದರಲ್ಲಿ ಸುಳ್ಳು ಬಂದರೆ ಅದು ವರ್ತಕನದು. ಎರಡನೆಯದರಲ್ಲಿ ಸತ್ಯವಿದ್ದರೆ ಅದು ತಮ್ಮದು. ಈ ಗೋಡೆ ನಿಲ್ಲುವುದೇ? ಇದನ್ನು ಪರೀಕ್ಷಿಸಲು, ಬಾಳು ಮುಗಿದು ಲೆಕ್ಕವು ಪೂರ್ತಿಯಾಗಿರುವ ಒಂದು ಜೋಡಿಯನ್ನು ತೆಗೆದುಕೊಳ್ಳುವುದು ಉಚಿತ.

ಅಮೆರಿಕೆಯ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳ ಹೆಸರನ್ನು ಲೋಕವು ಹೆಚ್ಚಾಗಿ ಬಲ್ಲುದು ಅವರ ಕುರ್ಚಿಗಳಿಂದ. ಚಾರ್ಲ್ಸ್ 1907 ರಲ್ಲಿ ಸೇಂಟ್ ಲೂಯಿಯಲ್ಲಿ ಹುಟ್ಟಿ ವಾಸ್ತುವಿದ್ಯೆಯಲ್ಲಿ ಬೆಳೆದವರು. ರೇ 1912 ರಲ್ಲಿ ಸ್ಯಾಕ್ರಮೆಂಟೋದಲ್ಲಿ ಹುಟ್ಟಿ, ಹಾನ್ಸ್ ಹಾಫ್‌ಮನ್ ಎಂಬ ಕಲಾವಿದರ ಬಳಿ ಚಿತ್ರಕಲೆಯನ್ನು ಅಭ್ಯಾಸಮಾಡಿದವರು. 1941 ರಲ್ಲಿ ಮದುವೆಯಾಗಿ ಲಾಸ್ ಏಂಜಲಿಸಿಗೆ ಬಂದು, ಪದರಹಲಗೆಯನ್ನು ಬಾಗಿಸುವ ವಿದ್ಯೆಯಲ್ಲಿ ಪರಿಶ್ರಮಪಟ್ಟು, ವೆನಿಸ್ ಎಂಬ ಕಡಲತೀರದ ಬಡಾವಣೆಯಲ್ಲಿ ತಮ್ಮದೇ ಒಂದು ಕಾರ್ಯಾಲಯವನ್ನು ನಡೆಸಿದರು. ಆ ಕಾರ್ಯಾಲಯದಿಂದಲೇ 1950 ರಿಂದ ಮುಂದಕ್ಕೆ ನೂರಕ್ಕೂ ಮಿಕ್ಕಿ ಕಿರುಚಿತ್ರಗಳು ಹೊರಬಿದ್ದುವು.  ಒಂದು ವಿಚಾರವನ್ನು ಇನ್ನೊಬ್ಬರಿಗೆ ಮುಟ್ಟಿಸುವುದಕ್ಕೆ ಚಲಚ್ಚಿತ್ರವು ಒಂದು ಉಪಾಯ, ಅಷ್ಟೆ, ಎಂಬುದು ಅವರ ಭಾವನೆಯಾಗಿತ್ತು.

ಆ ಚಿತ್ರಗಳಲ್ಲಿ ಕೆಲವನ್ನು ಯಾರೂ ಹೇಳಿ ಮಾಡಿಸಲಿಲ್ಲ. 1952 ರ ‘ಬ್ಲಾಕ್‌ಟಾಪ್’ ಎಂಬುದರಲ್ಲಿ ಕಥೆಯಿಲ್ಲ, ಮನುಷ್ಯರಿಲ್ಲ. ಡಾಂಬರು ಹಾಕಿದ ಶಾಲೆಯ ಅಂಗಳವೊಂದನ್ನು ತೊಳೆಯುವಾಗ ಸಾಬೂನಿನ ನೊರೆನೀರು ಹರಿದು, ಕವಲೊಡೆದು, ಗುಳ್ಳೆಗಟ್ಟಿ, ಬಿಸಿಲಿಗೆ ಹೊಳೆದು ಹೋಗುವುದಿಷ್ಟೇ. ಹಿನ್ನೆಲೆಗೆ ಬಾಖ್ ಎಂಬ ಸಂಗೀತಗಾರನ ರಚನೆ. ಸುಮಾರು ಹನ್ನೊಂದು ನಿಮಿಷ ಇದನ್ನೇ ನೋಡಿದವನಿಗೆ, ಮನೆಯಂಗಳವನ್ನು ತೊಳೆಯುವ ನೀರನ್ನು ತಾನು ಇಷ್ಟು ವರ್ಷ ನೋಡದೆಯೇ ದಾಟಿಹೋದೆನಲ್ಲಾ ಎನಿಸದಿರದು. 1957 ರಲ್ಲಿ ಹಳೆಯ ಆಟಿಕೆಯ ರೈಲುಗಳನ್ನಿಟ್ಟುಕೊಂಡು ಮಾಡಿದ ಚಿತ್ರವೂ ಇಂತಹದೇ. ತಗಡು ತಗಡಾಗಿಯೂ ಮರ ಮರವಾಗಿಯೂ ಇರುವ ಒಳ್ಳೆಯ ಆಟಿಕೆಗೆ, ನಿಜವಾದ ರೈಲಿನ ಪಡಿಯಚ್ಚಾಗುವ ಹಂಬಲವಿಲ್ಲವೆಂಬುದನ್ನು ಅದು ಬಹಳ ಮೆಲ್ಲಗೆ ತಿಳಿಸುತ್ತದೆ.

ಉಳಿದವುಗಳಲ್ಲಿ ಬಹುಪಾಲು ಮಾಡಿಸಿದವರ ಹಣದಿಂದ ಆದುವು. ಗಣಕಯಂತ್ರಗಳನ್ನು ತಯಾರಿಸುವ ಐ.ಬಿ.ಎಂ. ಕಂಪೆನಿಗೆ ಇವರು ಇಪ್ಪತ್ತು ವರ್ಷಗಳ ಕಾಲ ಚಿತ್ರಗಳನ್ನೂ ಪ್ರದರ್ಶನಗಳನ್ನೂ ಮಾಡಿಕೊಟ್ಟರು. 1972 ರಲ್ಲಿ ಪೋಲರಾಯ್ಡ್ ಕಂಪೆನಿಯು ಎಸ್.ಎಕ್ಸ್.-70 ಎಂಬ ಕ್ಯಾಮರಾವನ್ನು ಹೊರತಂದಾಗ ಅದರ ಚಿತ್ರವೂ ಇವರಿಂದಲೇ ಆಯಿತು. ಮಡಚಿದರೆ ಚಪ್ಪಟೆಯಾಗಿ ಅಂಗಿಯ ಜೇಬಿಗೆ ಹೋಗುವ, ತೆರೆದರೆ ಎದ್ದುನಿಲ್ಲುವ, ತೆಗೆದ ಚಿತ್ರವು ಕಣ್ಣೆದುರಿನಲ್ಲಿಯೇ ಮೂಡಿಬರುವ ಆ ಯಂತ್ರವನ್ನು ಅವರು ತೋರಿಸಿದ ರೀತಿ ಹೇಗಿದೆಯೆಂದರೆ, ಕೊಳ್ಳಿರೆಂದು ಒಂದು ಮಾತನ್ನೂ ಕೂಗಿ ಹೇಳಬೇಕಾಗಿಲ್ಲ. ನೊರೆನೀರನ್ನು ನೋಡಿದ ಕಣ್ಣೇ ಇಲ್ಲಿ ಮಸೂರವನ್ನೂ ಕನ್ನಡಿಯನ್ನೂ ನೋಡುತ್ತಿದೆ. ಹೊಟ್ಟೆಯದೊಂದು ಕಣ್ಣು, ಆತ್ಮದ್ದೊಂದು ಕಣ್ಣು ಎಂಬ ಭೇದ ಇಲ್ಲಿ ಕಾಣುವುದಿಲ್ಲ. ಅಡ್ಡಗೋಡೆಯ ವಾದಕ್ಕೆ ಇದು ಮೊದಲನೆಯ ಪೆಟ್ಟು.

1969 ರಲ್ಲಿ ಪ್ಯಾರಿಸಿನ ಒಂದು ಪ್ರದರ್ಶನಕ್ಕಾಗಿ ಚಾರ್ಲ್ಸರಿಗೆ ಕೆಲವು ಪ್ರಶ್ನೆಗಳನ್ನು ಹಾಕಲಾಯಿತು. ಮೂರು ವರ್ಷಗಳ ಮೇಲೆ ಆ ಪ್ರಶ್ನೋತ್ತರಗಳೇ ಒಂದು ಕಿರುಚಿತ್ರವಾದುವು. ಮಾಡಿಸಿದವರ ಬಲವಂತಕ್ಕೆ ಎಂದಾದರೂ ತಗ್ಗಿ ರಾಜಿಮಾಡಿಕೊಳ್ಳಬೇಕಾಯಿತೇ ಎಂಬ ಪ್ರಶ್ನೆಗೆ ಅವರು, ಬಲವಂತದ ರಾಜಿಯು ತಮ್ಮ ನೆನಪಿನಲ್ಲಿಲ್ಲ, ಕಟ್ಟುಗಳನ್ನು ಮಾತ್ರ ಮನಃಪೂರ್ವಕವಾಗಿ ಒಪ್ಪಿಕೊಂಡದ್ದುಂಟು ಎಂಬ ಅರ್ಥದ ಉತ್ತರವನ್ನು ಕೊಟ್ಟರು. ಅದೇ ಪ್ರದರ್ಶನಕ್ಕಾಗಿ ಒಂದು ರೇಖಾಚಿತ್ರವನ್ನೂ ಬರೆದುಕೊಟ್ಟರು: ಕಾರ್ಯಾಲಯದ ಆಸಕ್ತಿಯದೊಂದು ವಲಯ, ಮಾಡಿಸುವವರ ಆಸಕ್ತಿಯದೊಂದು ವಲಯ, ಸಮಾಜದ ಹಿತದ್ದೊಂದು ವಲಯ, ಮೂರೂ ಒಂದರ ಮೇಲೊಂದು ಹಾಯುವ ಎಡೆಯಲ್ಲಿ ಮಾತ್ರ ಕೆಲಸಗಾರನು ನಂಬಿಕೆಯಿಂದಲೂ ಉತ್ಸಾಹದಿಂದಲೂ ದುಡಿಯಬಲ್ಲನು. ಛಂದಸ್ಸನ್ನು ಬಲ್ಲವರಿಗೆ ಈ ಉತ್ತರದ ತಿರುಳು ಕೂಡಲೇ ಹೊಳೆಯುವುದು. ವೃತ್ತದ ಗಣನಿಯಮವು ಕವಿಗೆ ಸಂಕೋಲೆಯಲ್ಲ. ಅವನು ಕಾಲಿಗೆ ತಾನೇ ಕಟ್ಟಿಕೊಂಡ ಗೆಜ್ಜೆ.

ಚಾರ್ಲ್ಸರು ಇದನ್ನೇ ಬಾಳೆಯ ಎಲೆಯ ದೃಷ್ಟಾಂತದಿಂದಲೂ ಹೇಳುತ್ತಿದ್ದರು. ದಕ್ಷಿಣ ಭಾರತದಲ್ಲಿ ತೀರ ಬಡವನು ಬಾಳೆಯ ಎಲೆಯಲ್ಲಿ ಉಣ್ಣುವನು. ಅವನಿಗಿಂತ ಮೇಲಿನವನು ಮಣ್ಣಿನ ತಟ್ಟೆಯಲ್ಲಿ, ಇನ್ನೂ ಮೇಲಿನವನು ಕಂಚಿನಲ್ಲಿ, ಬೆಳ್ಳಿಯಲ್ಲಿ. ಇವೆಲ್ಲವನ್ನೂ ಮೀರಿ ತಿಳಿವಳಿಕೆಯನ್ನು ಪಡೆದವನು ಮತ್ತೆ ಬಾಳೆಯ ಎಲೆಗೇ ಬರುವನು ಎಂದು. ಹದಿನಾರು ಸಾಲು ಎಲೆ ಹಾಕಿದ ಮದುವೆಯ ಮನೆಯಲ್ಲಿ ಉಂಡವರು ಇದನ್ನು ಕೇಳಿ ನಗಬಹುದು. ನಮ್ಮಲ್ಲಿ ಎಲೆಯು ದಾರಿದ್ರ್ಯದ ಗುರುತೂ ಅಲ್ಲ, ಪಾಂಡಿತ್ಯದ ಗುರುತೂ ಅಲ್ಲ, ಅತಿಥಿಗೆ ಹಾಸಿದ ಶುಚಿಯಾದ ನೆಲೆ. ಪರದೇಶದವರ ಈ ಏಣಿಯ ಲೆಕ್ಕವನ್ನು ಬಿಟ್ಟು ನೋಡಿದರೆ ದೃಷ್ಟಾಂತದಲ್ಲಿ ಒಂದು ತೊಡಕು ಕಾಣುವುದು. ಬೇರೆ ಗತಿಯಿಲ್ಲದೆ ಎಲೆ ಹಾಸಿದವನ ಎಲೆಯೂ ಬೇಕೆಂದು ಹಾಸಿದವನ ಎಲೆಯೂ ಎದುರು ಕುಳಿತವನಿಗೆ ಒಂದೇ. ಹಾಗೆಯೇ ಮನಃಪೂರ್ವಕವಾಗಿ ಒಪ್ಪಿದ ಕಟ್ಟೂ, ಸೋತು ಮಾಡಿಕೊಂಡ ರಾಜಿಯೂ ಹೊರಗಿನಿಂದ ನೋಡಿದರೆ ಒಂದೇ. ಅವೆರಡನ್ನೂ ಬೇರೆಮಾಡಬಲ್ಲವನು ಮಾಡಿದವನೊಬ್ಬನೇ. ಅವನೋ ತನ್ನ ವ್ಯಾಜ್ಯದಲ್ಲಿ ತಾನೇ ಸಾಕ್ಷಿ. ಎಷ್ಟು ಸೋಲುಗಳು ಮರುದಿನ ಬೆಳಿಗ್ಗೆಯ ಹೊತ್ತಿಗೆ ಒಪ್ಪಿಗೆಗಳಾಗಿಲ್ಲ!

ಇಬ್ಬರಿದ್ದರೆ ಇದರ ಮಾತು ಸ್ವಲ್ಪ ಬೇರೆ. ಒಬ್ಬನು ತನ್ನನ್ನು ತಾನು ಒಪ್ಪಿಸಿಕೊಂಡಷ್ಟು ಸುಲಭವಾಗಿ ಎದುರು ಮೇಜಿನವರನ್ನು ಒಪ್ಪಿಸಲಾರನು. ಜೊತೆಗಾರಿಕೆಯ ಲಾಭವನ್ನು ಹೇಳುವವರು ಸಾಮಾನ್ಯವಾಗಿ ಕೆಲಸದ ಹಂಚಿಕೆಯನ್ನು ಹೇಳುವರು. ಒಬ್ಬರು ಕ್ಯಾಮರಾ ಹಿಡಿದರೆ ಇನ್ನೊಬ್ಬರು ಲೆಕ್ಕ ನೋಡುವುದು ಇತ್ಯಾದಿ. ಅದು ಸಣ್ಣ ಲಾಭ. ದೊಡ್ಡ ಲಾಭವೆಂದರೆ ಸಾಕ್ಷಿಯೊಬ್ಬನು ಮನೆಯಲ್ಲಿಯೇ ಇರುವುದು.

1959 ರ ಬೇಸಗೆಯಲ್ಲಿ ಮಾಸ್ಕೋ ನಗರದ ಸೋಕೋಲ್ನಿಕಿ ಉದ್ಯಾನದಲ್ಲಿ ಅಮೆರಿಕೆಯವರು ಒಂದು ದೊಡ್ಡ ಪ್ರದರ್ಶನವನ್ನು ನಡೆಸಿದರು. ಎರಡು ದೇಶಗಳೂ ಬಾಂಬುಗಳನ್ನು ಎಣಿಸುತ್ತಿದ್ದ ಕಾಲ. ತಮ್ಮ ದೇಶದ ದಿನಚರಿಯನ್ನು ರಷ್ಯದ ಜನರಿಗೆ ತೋರಿಸುವ ಚಿತ್ರವೊಂದು ಬೇಕೆಂದು ಸರ್ಕಾರವು ಈಮ್ಸ್ ದಂಪತಿಗಳಿಗೆ ಒಪ್ಪಿಸಿತು. ಇಪ್ಪತ್ತು ಅಡಿ ಎತ್ತರ ಮೂವತ್ತು ಅಡಿ ಅಗಲದ ಏಳು ತೆರೆಗಳ ಮೇಲೆ ಒಮ್ಮೆಗೇ, ಸುಮಾರು ಹನ್ನೆರಡು ನಿಮಿಷಗಳಲ್ಲಿ, ಎರಡು ಸಾವಿರಕ್ಕೂ ಮಿಕ್ಕಿದ ಚಿತ್ರಗಳು ಹಾದುಹೋದುವು. ಅಧಿಕಾರಿಗಳಿಗೆ ಮೊದಲೇ ತೋರಿಸಿ ಅಪ್ಪಣೆ ಪಡೆಯುವ ಗೋಜಿಲ್ಲದೆ, ಪ್ರದರ್ಶನವು ತೆರೆಯುವ ಹೊತ್ತಿಗೆ ಸುರುಳಿಗಳನ್ನು ತಾವೇ ಕೈಯಲ್ಲಿ ಹಿಡಿದುಕೊಂಡು ಬಂದರೆಂದು ಹೇಳುವರು. ಚಿತ್ರವನ್ನು ಯಾವ ನೋಟದಿಂದ ಮುಗಿಸಬೇಕೆಂಬ ಪ್ರಶ್ನೆ ಬಂದಾಗ ರೇ ಒಂದು ಹೂವನ್ನು ಸೂಚಿಸಿದರು. ಇಂಗ್ಲಿಷಿನಲ್ಲಿ ಆ ಪುಟ್ಟ ನೀಲಿಯ ಹೂವಿನ ಹೆಸರಿಗೆ ‘ಮರೆಯದಿರು’ ಎಂದರ್ಥ. ರಷ್ಯನ್ ಭಾಷೆಯಲ್ಲಿಯೂ ಅದರ ಹೆಸರಿಗೆ ಅದೇ ಅರ್ಥ. ಏಳು ತೆರೆಗಳ ಬೆರಗು ಮುಗಿದು ಕಡೆಯಲ್ಲಿ ಆ ಹೂವು ಬಂದಾಗ, ನೋಡುತ್ತಿದ್ದವರಿಗೆ ಭಾಷಾಂತರಕಾರನು ಬೇಕಾಗಲಿಲ್ಲ. ಯಾವ ಸರ್ಕಾರಿ ಆಜ್ಞಾಪತ್ರದಲ್ಲಿಯೂ ಈ ಹೂವು ಇದ್ದಿರಲಾರದು. ಮಾಡಿಸಿದವನು ಹೇತುಕರ್ತೃವಾದರೂ ಮಾಡುವವನ ಸ್ವಾತಂತ್ರ್ಯವು ಎಲ್ಲಿ ಉಳಿದಿರುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಹೂವು ಯಾರ ಮನಸ್ಸಿನಲ್ಲಿ ಹುಟ್ಟಿತೋ ಆಕೆಯ ಹೆಸರಿಗೆ ಮಾತ್ರ ಬಹುಕಾಲ ನ್ಯಾಯವಾಗಲಿಲ್ಲ. 1946 ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಅವರ ಪೀಠೋಪಕರಣಗಳನ್ನು ಪ್ರದರ್ಶಿಸಿದಾಗ ತಲೆಬರಹದಲ್ಲಿದ್ದುದು ಚಾರ್ಲ್ಸರ ಹೆಸರೊಂದೇ. ಹತ್ತು ವರ್ಷಗಳ ಮೇಲೆ ದೂರದರ್ಶನದಲ್ಲಿ ಇಬ್ಬರೂ ಕಾಣಿಸಿಕೊಂಡಾಗಲೂ ರೇ ಅವರನ್ನು ಪತಿಗೆ ನೆರವಾಗುವ ಗೃಹಿಣಿಯೆಂಬಂತೆ ಜನರಿಗೆ ಪರಿಚಯಮಾಡಿಕೊಡಲಾಯಿತು. ತಾನು ಮಾಡಬಲ್ಲುದೆಲ್ಲವನ್ನೂ ರೇ ತನಗಿಂತ ಚೆನ್ನಾಗಿ ಮಾಡಬಲ್ಲಳೆಂದು ಚಾರ್ಲ್ಸರು ಹೇಳುತ್ತಿದ್ದುದುಂಟು. ಆದರೆ ಇಂತಹ ಮಾತು ಸೌಜನ್ಯವೆಂದು ಎಣಿಕೆಯಾಗುವುದೇ ಹೊರತು ದಾಖಲೆಯಾಗುವುದಿಲ್ಲ. ಕಾರ್ಯಾಲಯದಲ್ಲಿ ವರ್ಷಗಟ್ಟಲೆ ದುಡಿದ ಇತರರ ಹೆಸರುಗಳಂತೂ ಇನ್ನೂ ಹಿಂದೆ. ಈ ದಂಪತಿಗಳೇ 1958 ರಲ್ಲಿ ಭಾರತ ಸರ್ಕಾರದ ಕೋರಿಕೆಯಂತೆ, ಫೋರ್ಡ್ ಪ್ರತಿಷ್ಠಾನದ ವೆಚ್ಚದಲ್ಲಿ ನಮ್ಮ ದೇಶವನ್ನು ಸುತ್ತಿ ಬರೆದ ವರದಿಯಲ್ಲಿ, ಉತ್ತರದವರು ಲೋಟಾ ಎಂದು ಕರೆಯುವ ನೀರಿನ ಚೊಂಬನ್ನು ಮನಸಾರ ಹೊಗಳಿದ್ದರು. ಅದನ್ನು ರೂಪಿಸಿದವನು ಯಾವನೊಬ್ಬನೂ ಅಲ್ಲ, ಅನೇಕ ತಲೆಮಾರುಗಳ ಅನೇಕ ಮಂದಿ, ಎಂಬುದೇ ಅವರ ಮೆಚ್ಚಿಕೆಗೆ ಕಾರಣ. ಚೊಂಬಿಗೆ ಸಹಿಯಿಲ್ಲದಿರುವುದು ಒಂದು. ಸಹಿಯಿರುವ ಕಡೆ ಕೆಲವರದೇ ಇರುವುದು ಇನ್ನೊಂದು. ಮೊದಲನೆಯದು ಸಂಪ್ರದಾಯ, ಎರಡನೆಯದು ಹಂಚಿಕೆಯ ಪ್ರಶ್ನೆ. ಹೊಸದಾಗಿ ಜೊತೆಗೂಡುವವರು ಇದನ್ನು ಮೊದಲ ದಿನವೇ ಬಾಯಿಬಿಟ್ಟು ಆಡಿಕೊಳ್ಳದಿದ್ದರೆ, ಸ್ನೇಹವು ದೊಡ್ಡದಾದಷ್ಟೂ ಮುಂದಿನ ಜಗಳವೂ ದೊಡ್ಡದು.

ಇದಕ್ಕಿಂತಲೂ ಗುರುತರವಾದ ಆಕ್ಷೇಪವೊಂದುಂಟು. ನಮ್ಮ ಪಂಪನೂ ಮಾಡಿಸಿದವರಿಗಾಗಿಯೇ ಬರೆದವನು. ತನ್ನ ಅರಸನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ಭಾರತವನ್ನು ಹಾಡಿದನು, ಅಗ್ರಹಾರವನ್ನು ಪಡೆದನು. ಇದರಲ್ಲಿ ಮುಚ್ಚುಮರೆಯಿಲ್ಲ, ಮಮ್ಮಟನು ಕಾವ್ಯದ ಪ್ರಯೋಜನಗಳನ್ನೆಣಿಸುವಾಗ ಕೀರ್ತಿಯ ಮಗ್ಗುಲಲ್ಲಿಯೇ ಹಣವನ್ನೂ ಎಣಿಸಿರುವನು. ಆದರೆ ಅರ್ಜುನನು ಅರಸನೇ ಆಗಿರುವ ಆ ಕಾವ್ಯದಲ್ಲಿ ಪಂಪನ ಹೃದಯವು ಹೆಚ್ಚಾಗಿ ಕರಗಿದ್ದು ಅರ್ಜುನನ ಶತ್ರುವಾದ ಕರ್ಣನ ಕಡೆಗೆ. ಸಂಭಾವನೆ ಕೊಟ್ಟವನ ಸಭೆಯಲ್ಲಿಯೇ ಕುಳಿತು ಕೇಳಬೇಕಾದ ಪದ್ಯಗಳಲ್ಲಿ ಕರ್ಣನಿಗೆ ಅಷ್ಟು ದೊಡ್ಡ ಮಣೆಯನ್ನು ಹಾಕುವುದಕ್ಕೆ ಎದೆಗಾರಿಕೆ ಬೇಕು. ಹಾಕಗೊಟ್ಟ ಅರಸನಿಗೂ ಬೇಕು. ಈ ಅಳತೆಯನ್ನು ಹಿಡಿದು ಈಮ್ಸ್ ದಂಪತಿಗಳ ಚಿತ್ರಗಳನ್ನು ನೋಡುವವನು ಕೇಳಬಹುದು: ಇಲ್ಲಿ ಕರ್ಣನೆಲ್ಲಿ?

ಮಾಸ್ಕೋದ ಏಳು ತೆರೆಗಳಲ್ಲಿ ಅವನಿಲ್ಲ. ಆ ಪ್ರದರ್ಶನಕ್ಕೆ ಎರಡೇ ವರ್ಷಗಳ ಹಿಂದೆ, 1957 ರಲ್ಲಿ, ಅದೇ ಅಮೆರಿಕೆಯ ಲಿಟಲ್ ರಾಕ್ ನಗರದಲ್ಲಿ ಕಪ್ಪು ಜನಾಂಗದ ಒಂಬತ್ತು ಮಂದಿ ವಿದ್ಯಾರ್ಥಿಗಳು ಶಾಲೆಯ ಬಾಗಿಲನ್ನು ದಾಟುವುದಕ್ಕೆ ಸೈನ್ಯದ ಕಾವಲು ಬೇಕಾಗಿತ್ತು. ಇಂತಹ ಗಾಯಗಳನ್ನು ತೋರಿಸುವುದು ಆ ಚಿತ್ರದ ಉದ್ದೇಶವಾಗಿರಲಿಲ್ಲ. ಐ.ಬಿ.ಎಂ.ಗಾಗಿ 1958 ರ ಬ್ರಸೆಲ್ಸ್ ಪ್ರದರ್ಶನಕ್ಕೆ ಮಾಡಿಕೊಟ್ಟ ‘ದಿ ಇನ್‌ಫರ್ಮೇಷನ್ ಮಷೀನ್’ ಎಂಬ ಚಿತ್ರದಲ್ಲಿಯೂ ಅವನಿಲ್ಲ. ಗಣಕಯಂತ್ರವು ಮನುಷ್ಯನ ಬುದ್ಧಿಗೆ ಒದಗಿದ ಇನ್ನೊಂದು ಸಲಕರಣೆ, ಹೆದರಬೇಕಾದುದೇನೂ ಇಲ್ಲವೆಂದು ಅದು ಮುದ್ದಾದ ಗೆರೆಚಿತ್ರಗಳಲ್ಲಿ ಹೇಳುತ್ತದೆ. ಆ ಯಂತ್ರದಿಂದ ಯಾರ ಕೆಲಸ ಹೋಗುವುದು, ಯಾರ ಲೆಕ್ಕ ಯಾರ ಕೈಗೆ ಸಿಕ್ಕುವುದು ಎಂದು ಕೇಳುವ ಪಾತ್ರಕ್ಕೆ ಅಲ್ಲಿ ಎಡೆಯಿಲ್ಲ. ಸುಳ್ಳು ಹೇಳಿದರೆಂದಲ್ಲ. ಹೇಳಿದ್ದೆಲ್ಲವನ್ನೂ ಅವರು ನಂಬಿಯೇ ಹೇಳಿದರು. ಕಷ್ಟವಿರುವುದು ಅಲ್ಲಿಯೇ. ಸೋತು ರಾಜಿಮಾಡಿಕೊಂಡವನಿಗೆ ತಾನು ಬಿಟ್ಟುಕೊಟ್ಟದ್ದೇನೆಂಬುದು ಗೊತ್ತು, ಅದು ರಾತ್ರಿಯ ಹೊತ್ತು ಚುಚ್ಚುವುದು. ಕಟ್ಟನ್ನು ಮನಃಪೂರ್ವಕವಾಗಿ ಒಪ್ಪಿದವನಿಗೆ ಕಟ್ಟಿನ ಹೊರಗೆ ಉಳಿದದ್ದು ಕಣ್ಣಿಗೇ ಬೀಳದೆ ಹೋಗಬಹುದು. ಸಾಕ್ಷಿಯಾಗಿ ಮನೆಯಲ್ಲಿರುವವರೂ ಅದೇ ಕಟ್ಟನ್ನು ಅಷ್ಟೇ ಸಂತೋಷದಿಂದ ಒಪ್ಪಿದ್ದರೆ, ಎಚ್ಚರಿಸುವವರು ಯಾರು? ಚಾರ್ಲ್ಸರ ರೇಖಾಚಿತ್ರದಲ್ಲಿ ಸಮಾಜದ ಹಿತಕ್ಕೆ ಒಂದು ವಲಯವುಂಟಷ್ಟೆ. ಆ ವಲಯದ ಅಂಚನ್ನು ಎಳೆದ ಕೈ ಮಾತ್ರ ಸಮಾಜದ್ದಲ್ಲ, ಅವರದೇ.

ಇಲ್ಲಿ ಫಲತ್ಯಾಗದ ಮಾತನ್ನೆತ್ತಿ ಸಮಾಧಾನ ಹೇಳುವವರುಂಟು. ವಿಚಿತ್ರವೆಂದರೆ, ಭಾರತವನ್ನು ಕುರಿತ ಆ 1958 ರ ವರದಿಯೂ ಗೀತೆಯ ಇದೇ ಶ್ಲೋಕಗಳಿಂದಲೇ ತೊಡಗುವುದು. ಫಲದ ಚಿಂತೆಯನ್ನು ಬಿಟ್ಟು ಕೆಲಸವನ್ನು ಕೆಲಸಕ್ಕಾಗಿಯೇ ಮಾಡಬೇಕೆಂಬುದು ಕುಶಲಿಗಳಿಗೆಲ್ಲ ರುಚಿಸುವ ಉಪದೇಶ. ಕುರ್ಚಿಯ ಕಾಲನ್ನು ನೂರು ಸಲ ತಿದ್ದುವವನಿಗೆ ಅದು ಬೇಕು ಕೂಡ. ಆದರೆ ಆ ಶ್ಲೋಕವನ್ನು ಯಾರಿಗೆ, ಯಾವಾಗ ಹೇಳಿತೆಂಬುದನ್ನು ಮರೆಯುವುದು ಸರಿಯಲ್ಲ. ಬಿಲ್ಲನ್ನು ಕೆಳಗಿಟ್ಟು, ಈ ಕೆಲಸವು ಮಾಡತಕ್ಕದ್ದೇ ಅಲ್ಲವೇ ಎಂದು ಮೊದಲು ಕೇಳಿದವನಿಗೆ ಅದನ್ನು ಹೇಳಿದುದು. ಕೇಳದೆಯೇ ಬಾಣ ಹೂಡಿದವರು ಆ ರಣರಂಗದಲ್ಲಿ ಲಕ್ಷಗಟ್ಟಲೆ ಇದ್ದರು. ಅವರಿಗೆ ಯಾರೂ ಗೀತೆಯನ್ನು ಹೇಳಲಿಲ್ಲ. ಫಲವು ನನಗೆ ಬೇಡವೆನ್ನುವುದಕ್ಕೂ ಫಲವೇನಾದರೂ ಆಗಲಿ ಎನ್ನುವುದಕ್ಕೂ ಅಂತರವುಂಟು. ಯಜಮಾನನಿಗೆ ಫಲವನ್ನು ಬಿಟ್ಟುಕೊಟ್ಟ ಋತ್ವಿಜನು, ಈ ಯಾಗವು ಶತ್ರುಮಾರಣದ ಶ್ಯೇನಯಾಗವೋ, ಮಳೆಗಾಗಿ ಮಾಡುವ ಇಷ್ಟಿಯೋ ಎಂಬುದನ್ನು ವಿಚಾರಿಸದಿದ್ದರೂ ಆದೀತೆಂದು ಹೇಳಲಾಗದು. ಮಾಡದೆಯೂ ಇರಬಲ್ಲವನು ಎಂಬುದರಿಂದಲೇ ತಾನೇ ಅವನನ್ನು ಕರ್ತೃವೆಂದದ್ದು? ಮನಃಪೂರ್ವಕವಾದ ಒಪ್ಪಿಗೆಯು ಸ್ವಾತಂತ್ರ್ಯಕ್ಕೆ ಪ್ರಮಾಣವಾದ ಮೇಲೆ ಹೊಣೆಗೂ ಅದೇ ಪ್ರಮಾಣ. ಸಾಬೂನಿನ ಚಿತ್ರದ ಮಾತು ವರ್ತಕನದೆಂದು ತರುಣನು ಕೈತೊಳೆದುಕೊಳ್ಳುವಂತಿಲ್ಲ.

ಹಾಗೆಂದು ಹಣವೇ ದೋಷವೆಂದು ಹೇಳಹೊರಟರೆ ಈಮ್ಸ್ ದಂಪತಿಗಳ ಕೃತಿಗಳೇ ಅಡ್ಡಬರುವುವು. ವಿಶ್ವದ ಪ್ರಮಾಣವನ್ನು ಹತ್ತರ ಘಾತಗಳಲ್ಲಿ ತೋರಿಸುವ ಚಿತ್ರವೊಂದರ ಕರಡನ್ನು ಅವರು 1968 ರಲ್ಲಿಯೇ, ಭೌತಶಾಸ್ತ್ರದ ಅಧ್ಯಾಪಕರಿಗಾಗಿ ಮಾಡಿದ್ದರು. ಅದರ ಮೂಲಕಲ್ಪನೆಯು ಕೇಸ್ ಬೂಕೆ ಎಂಬ ಡಚ್ ಉಪಾಧ್ಯಾಯರು ಮಕ್ಕಳಿಗಾಗಿ ಬರೆದ ಪುಸ್ತಕದ್ದು. ಒಂಬತ್ತು ವರ್ಷಗಳ ಮೇಲೆ ಅದೇ ಕಲ್ಪನೆಯು ‘ಪವರ್ಸ್ ಆಫ್ ಟೆನ್’ ಎಂಬ ಹೆಸರಿನಿಂದ ಪೂರ್ಣರೂಪವನ್ನು ಪಡೆಯಿತು. ಅದಕ್ಕೆ ಹಣ ಕೊಟ್ಟವರೂ ಐ.ಬಿ.ಎಂ.ನವರೇ. ಯಜಮಾನನು ಒಬ್ಬನೇ, ಋತ್ವಿಜರೂ ಅವರೇ. ಒಂದು ಚಿತ್ರದಲ್ಲಿ ಯಜಮಾನನ ಯಂತ್ರದ ಸ್ತುತಿಯುಂಟು, ಇನ್ನೊಂದರಲ್ಲಿ ಅವನ ಮಾತೇ ಇಲ್ಲ. ಒಂದರಲ್ಲಿ ಹಣವು ಮುಂದೆ ಹೋಗಿ ವಿಚಾರವನ್ನು ಕರೆತಂದಿತು. ಇನ್ನೊಂದರಲ್ಲಿ ವಿಚಾರವು ವರ್ಷಗಟ್ಟಲೆ ಬಾಗಿಲಲ್ಲಿ ಕಾದಿದ್ದು ಹಣವನ್ನು ಒಳಗೆ ಕರೆಯಿತು. ಇದನ್ನೇ ನಿಯಮವೆಂದು ಹೇಳೋಣವೆಂದರೆ, ಕಂಪೆನಿಯ ಮಾತಿನಂತೆಯೇ ಹುಟ್ಟಿದ ಆ ಕ್ಯಾಮರಾದ ಚಿತ್ರವು ಅಷ್ಟು ಚೆಲುವಾಗಿ ಎದುರು ನಿಲ್ಲುವುದು.

ಚಾರ್ಲ್ಸರು 1978 ರ ಆಗಸ್ಟ್ 21 ರಂದು ತೀರಿಕೊಂಡರು. ರೇ ಅವರು ಸರಿಯಾಗಿ ಹತ್ತು ವರ್ಷಗಳ ಮೇಲೆ, ಅದೇ ದಿನ. ಚಿತ್ರವನ್ನು 1998 ರಲ್ಲಿ ಅಮೆರಿಕೆಯ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಗೆ ಸೇರಿಸಿದರು. ಶಿಕಾಗೋ ನಗರದ ಸರೋವರದ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಮಲಗಿದ ಒಬ್ಬನ ಮೇಲಿನಿಂದ ನೋಟವು ಮೇಲಕ್ಕೇರುವುದು. ಪ್ರತಿ ಹತ್ತು ಸೆಕೆಂಡಿಗೆ ಹತ್ತು ಪಟ್ಟು ದೂರ. ನಗರವು ಚುಕ್ಕೆಯಾಗಿ, ಭೂಮಿಯು ಚುಕ್ಕೆಯಾಗಿ, ಹತ್ತು ಕೋಟಿ ಜ್ಯೋತಿರ್ವರ್ಷಗಳ ಆಚೆಗೆ ಹೋಗಿ ನಿಂತು, ಮತ್ತೆ ಬಿರುಸಿನಿಂದ ಇಳಿದು ಮಲಗಿದವನ ಕೈಯ ಚರ್ಮವನ್ನು ಹೊಕ್ಕು, ಕಣದೊಳಕ್ಕೆ, ಪರಮಾಣುವಿನ ಒಡಲಿಗೆ. ಆ ಒಂಬತ್ತು ನಿಮಿಷಗಳ ಉದ್ದಕ್ಕೂ ಹಣ ಕೊಟ್ಟವರು ಮಾರುವ ಯಂತ್ರವೊಂದೂ ಕಾಣಿಸುವುದಿಲ್ಲ. ಮಲಗಿದವನು ಎಚ್ಚರವಾಗುವುದೂ ಇಲ್ಲ.